ಎರೆ, ಮಸಾರಿ, ಗರಸು: ಭಾರದ ಬೈಕಿನ ಹಳ್ಳಿ ದಾರಿ

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ತೂಕ 195 ಕಿಲೋ. ಅದೇ ಕಂಪನಿ ಬೆಟ್ಟಗುಡ್ಡಗಳ ಕಚ್ಚಾ ದಾರಿಗೆಂದೇ 2016ರಲ್ಲಿ ಹೊರತಂದ ಹಿಮಾಲಯನ್ 411, ಬಿಎಸ್-6 ಮಾದರಿಯಲ್ಲಿ, ತೂಗುವುದು 199 ಕಿಲೋ. ಮಣ್ಣಿನ ದಾರಿಗೆ ಹೇಳಿ ಮಾಡಿಸಿದ ಗಾಡಿ ಡಾಂಬರಿನ ಗಾಡಿಗಿಂತ ನಾಲ್ಕು ಕಿಲೋ ಹೆಚ್ಚೇ ಇದೆ. ಸೀಟಿನ ಎತ್ತರವೂ ಹೆಚ್ಚುಕಡಿಮೆ ಒಂದೇ. ಆದರೂ ಹಾವೇರಿ ಜಿಲ್ಲೆಯ ಯಾವ ಊರಿನ ಕಟ್ಟೆಯ ಮೇಲೆ ಕುಳಿತು ಕೇಳಿದರೂ ಬರುವ ಮಾತು ಇಷ್ಟು: "ಭಾರದ ಗಾಡಿ ಹೊಲದ ದಾರಿಗೆ ಬರಂಗಿಲ್ಲ, ಅದಕ್ಕ ಸ್ಪ್ಲೆಂಡರೇ ಬೇಕು."

ಈ ಮಾತಿನ ಹಿಂದೆ ಅನುಭವವಿದೆ, ಸುಳ್ಳಲ್ಲ. ಹೀರೋ ಸ್ಪ್ಲೆಂಡರ್ ತೂಗುವುದು 112 ಕಿಲೋ. ಬಿದ್ದರೆ ಒಬ್ಬನೇ ಎತ್ತಬಹುದು, ಬದುವಿನ ಮೇಲೆ ತಳ್ಳಿಕೊಂಡು ಹೋಗಬಹುದು. ಆದರೆ ಆ ಮಾತು ತಪ್ಪಿತಸ್ಥನನ್ನು ಗುರುತಿಸುವಲ್ಲಿ ಎಡವುತ್ತದೆ. ಗರಸಿನ ಮೇಲೆ ಜಾರಿ ಬಿದ್ದ ಬಹುಪಾಲು ಭಾರದ ಬೈಕುಗಳನ್ನು ಕೆಡವಿದ್ದು ಅವುಗಳ ತೂಕವಲ್ಲ. ಕೆಡವಿದ್ದು ಸವಾರನ ಬಿಗಿದ ಮುಂಗೈ, ತಪ್ಪಾದ ಬ್ರೇಕು, ಚಕ್ರದ ಕೆಳಗಿನ ಮಣ್ಣಿನ ಪರಿಚಯ ಇಲ್ಲದಿರುವುದು. ಈ ಮೂರನ್ನೂ ಕಲಿಯಬಹುದು. ಕಲಿಸುವವರು ಕಡಿಮೆ, ಅಷ್ಟೇ. ಕೆಎ-27 ಹಾವೇರಿ, ಕೆಎ-68 ರಾಣೇಬೆನ್ನೂರು. ಎರಡೂ ನೋಂದಣಿಯ ಹೊಸ ಭಾರದ ಬೈಕುಗಳು ಇಂದು ಹಳ್ಳಿ ಹಳ್ಳಿಯ ಅಂಗಳದಲ್ಲಿ ನಿಂತಿವೆ. ಲೈಸೆನ್ಸಿನ ಪರೀಕ್ಷೆಯಲ್ಲಿ ಸವಾರ ಸಮತಟ್ಟು ನೆಲದ ಮೇಲೆ ಇಂಗ್ಲಿಷಿನ ಎಂಟು ಬರೆದು ತೋರಿಸಿದರೆ ಮುಗಿಯಿತು. ಗರಸಿನ ತಿರುವಿನಲ್ಲಿ ಏನು ಮಾಡಬೇಕೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ರಾಷ್ಟ್ರೀಯ ಹೆದ್ದಾರಿ 48 ಹಾವೇರಿಯನ್ನು ಮುಟ್ಟಿ, ಮೋಟೆಬೆನ್ನೂರಿನ ಪಕ್ಕದಲ್ಲಿ ಹಾದು, ರಾಣೇಬೆನ್ನೂರಿನತ್ತ ಸಾಗುತ್ತದೆ. ಆ 30ಕ್ಕೂ ಹೆಚ್ಚು ಕಿಲೋಮೀಟರ್ ದಾರಿಯಲ್ಲಿ ಯಾವ ಬೈಕಾದರೂ ಓಡುತ್ತದೆ. ಕಥೆ ಶುರುವಾಗುವುದು ಹೆದ್ದಾರಿ ಬಿಟ್ಟ ಮೇಲೆ: ಮೋಟೆಬೆನ್ನೂರಿನಿಂದ ಬ್ಯಾಡಗಿ ಕಡೆಗೆ, ಅಲ್ಲಿಂದ ಕಾಗಿನೆಲೆ ಕಡೆಗೆ; ಹಾವೇರಿಯಿಂದ ಗುತ್ತಲ ದಾಟಿ ತುಂಗಭದ್ರೆಯ ದಂಡೆಯ ಗಳಗನಾಥದ ಕಡೆಗೆ; ರಾಣೇಬೆನ್ನೂರಿನಿಂದ ದೇವರಗುಡ್ಡದ ಕಡೆಗೆ. ಈ ಊರುಗಳಿಗೆ ಡಾಂಬರಿದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಶುರುವಾದ ಮೇಲೆ ದೇಶದ ಅಸಂಖ್ಯ ಹಳ್ಳಿಗಳಿಗೆ ಪಕ್ಕಾ ರಸ್ತೆ ಬಂದಿತು. ಆದರೆ ಹಳ್ಳಿಯಿಂದ ಹೊಲಕ್ಕೆ, ಹೊಲದಿಂದ ಹಳ್ಳಕ್ಕೆ, ತೋಟದ ಮನೆಗೆ ಹೋಗುವುದು ಇಂದಿಗೂ ಚಕ್ಕಡಿ ದಾರಿಯೇ. ಡಾಂಬರು ಕಿತ್ತು ಖಡಿ ಹಾಸಿ, ತಿಂಗಳುಗಟ್ಟಲೆ ಹಾಗೇ ಬಿಟ್ಟ ರಸ್ತೆಗಳು ಬೇರೆ.

ಭೌತವಿಜ್ಞಾನದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಚಕ್ರ ಜಾರದಂತೆ ನಿಲ್ಲಿಸಲು ಬೇಕಾಗುವ ದೂರದ ಲೆಕ್ಕದಲ್ಲಿ ಗಾಡಿಯ ತೂಕ ಬರುವುದೇ ಇಲ್ಲ. ತೂಕ ಹೆಚ್ಚಿದಷ್ಟು ನಿಲ್ಲಿಸಬೇಕಾದ ಶಕ್ತಿ ಹೆಚ್ಚುತ್ತದೆ. ಅಷ್ಟೇ ಪ್ರಮಾಣದಲ್ಲಿ ಟೈರು ನೆಲವನ್ನು ಒತ್ತುವ ಬಲ, ಅದರಿಂದ ಸಿಗುವ ಹಿಡಿತವೂ ಹೆಚ್ಚುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಲೆಕ್ಕದಲ್ಲಿ ಉಳಿಯುವುದು ವೇಗ ಮತ್ತು ನೆಲದ ಗುಣ. ಒಣ ಡಾಂಬರಿನಲ್ಲಿ ಘರ್ಷಣೆಯ ಗುಣಾಂಕ ಸುಮಾರು 0.7ರಿಂದ 0.8, ಸಡಿಲ ಗರಸಿನಲ್ಲಿ 0.4ರ ಆಸುಪಾಸು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಡಾಂಬರಿನ ಮೇಲೆ ಎಂಟು-ಒಂಬತ್ತು ಮೀಟರಿನಲ್ಲಿ ನಿಲ್ಲಬಲ್ಲ ಬೈಕು ಗರಸಿನಲ್ಲಿ ಸುಮಾರು 16 ಮೀಟರ್ ಕೇಳುತ್ತದೆ. 60ರ ವೇಗದಲ್ಲಿ ಅದೇ ಗರಸು 35 ಮೀಟರ್ ಕೇಳುತ್ತದೆ. ಸವಾರ ಬೆದರಿ ಬ್ರೇಕಿಗೆ ಕೈ ಹಾಕುವಷ್ಟರಲ್ಲಿ ಕಳೆಯುವ ದೂರ ಇದರಲ್ಲಿ ಸೇರಿಲ್ಲ. ಇದೇ ಕಾರಣಕ್ಕೆ ಸ್ಪ್ಲೆಂಡರ್ ಸವಾರನೂ ಕ್ಲಾಸಿಕ್ ಸವಾರನೂ ಗರಸಿನ ಮೇಲೆ ಹೋಗಬೇಕಾದ್ದು ಒಂದೇ ಹದದ ವೇಗದಲ್ಲಿ.

ಹಾಗಾದರೆ ಹಿಮಾಲಯನ್ ಗಾಡಿಗೆ ಮಣ್ಣು ಒಗ್ಗುವುದು ಯಾಕೆ? ಅದರ ಮುಂದಿನ ಚಕ್ರ 21 ಇಂಚಿನದು, ಕ್ಲಾಸಿಕ್‌ನದು 19 ಇಂಚು. ದೊಡ್ಡ ಚಕ್ರ ಕಲ್ಲನ್ನು ಹತ್ತಿ ಇಳಿಯುತ್ತದೆ; ಸಣ್ಣ ಚಕ್ರ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಚಕ್ಕಡಿಯ ಗಾಲಿ ಅಷ್ಟು ದೊಡ್ಡದಾಗಿರುವುದರ ಗುಟ್ಟೂ ಇದೇ. ಹಿಮಾಲಯನ್‌ನ ಮುಂದಿನ ಫೋರ್ಕ್ 200 ಮಿಲಿಮೀಟರ್ ಇಳಿಯಬಲ್ಲದು, ಕ್ಲಾಸಿಕ್‌ನದು 130. ನೆಲಕ್ಕೂ ಎಂಜಿನ್ ತಳಕ್ಕೂ ಇರುವ ಅಂತರ ಒಂದರಲ್ಲಿ 220 ಮಿಲಿಮೀಟರ್, ಇನ್ನೊಂದರಲ್ಲಿ 170. ರಸ್ತೆಯ ಬೈಕಿನಲ್ಲಿ ಹೊಲದ ದಾರಿ ಹಿಡಿದವರು ಈ 50 ಮಿಲಿಮೀಟರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಚಕ್ಕಡಿ ಜಾಡುಗಳ ನಡುವೆ ಎದ್ದು ನಿಂತ ದಿಬ್ಬಕ್ಕೆ ಎಂಜಿನ್ನಿನ ತಳ ಉಜ್ಜುವುದು ಇದೇ ಅಂತರದಲ್ಲಿ.

ರಾಯಲ್ ಎನ್‌ಫೀಲ್ಡ್‌ನದೇ ಆದ ಬುಲೆಟ್ ಎಂಬ ಹೆಸರಿಗೆ ಮಣ್ಣು ಹೊಸದೇನೂ ಅಲ್ಲ. 1948ರಲ್ಲಿ ಇಟಲಿಯ ಸಾನ್‌ರೆಮೋದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್ ಸ್ಪರ್ಧೆಗೆ, ಇನ್ನೂ ಮಾರುಕಟ್ಟೆಗೆ ಬಂದಿರದ 350 ಸಿಸಿ ಬುಲೆಟ್ಟುಗಳನ್ನು ಬ್ರಿಟನ್ ತಂಡ ಕೊಂಡೊಯ್ದಿತ್ತು. ಅವುಗಳ ಸವಾರರು ಚಿನ್ನದ ಪದಕ ಗೆದ್ದರು. ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿಸಿದ್ದು ಆ ಗಾಡಿಯ ಹೊಸತನ. ಹಿಂದಿನ ಚಕ್ರ ಕುಣಿದರೆ ಕಚ್ಚಾ ದಾರಿಯಲ್ಲಿ ಹಿಡಿತ ತಪ್ಪುತ್ತದೆ ಎಂಬುದು ಅಂದಿನ ನಂಬಿಕೆ. ಬುಲೆಟ್ ಅದನ್ನು ಸುಳ್ಳಾಗಿಸಿತು. 1952ರಲ್ಲಿ ಜಾನಿ ಬ್ರಿಟನ್ ಎಂಬ ಸವಾರ ಬುಲೆಟ್ ಮೇಲೆ ಕಲ್ಲು, ಕೆಸರು, ಹಳ್ಳ ತುಂಬಿದ ಸ್ಕಾಟಿಷ್ ಆರು ದಿನಗಳ ಟ್ರಯಲ್ ಗೆದ್ದ. ಭಾರತೀಯ ಸೇನೆ 1950ರ ದಶಕದ ಆರಂಭದಲ್ಲಿ ಈ ಗಾಡಿಯನ್ನು ತರಿಸಿಕೊಂಡಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿದ್ದೂ ಆ ಬೇಡಿಕೆಯ ಬೆನ್ನಿಗೇ. ಕರ್ನಾಟಕದ್ದೇ ಆದ ಇನ್ನೊಂದು ಉದಾಹರಣೆ ಮೈಸೂರಿನ ಐಡಿಯಲ್ ಜಾವಾ. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳು ಡಾಂಬರು ಅಪರೂಪವಾಗಿದ್ದ ಕಾಲದ ನಮ್ಮ ರಸ್ತೆಗಳಲ್ಲೇ ಬಾಳಿದವು. ಅಂದು ರಸ್ತೆಯ ಬೈಕು, ಮಣ್ಣಿನ ಬೈಕು ಎಂದು ಎರಡು ಜಾತಿ ಜನರ ತಲೆಯಲ್ಲಿ ಇರಲಿಲ್ಲ. ಇದ್ದದ್ದು ಒಂದೇ ಗಾಡಿ, ಅದನ್ನು ಎಲ್ಲ ದಾರಿಗೂ ಒಗ್ಗಿಸಿಕೊಳ್ಳುವ ಕೈ.

ಇನ್ನು ಮಣ್ಣು.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ತಾಲ್ಲೂಕುಗಳಲ್ಲಿ ಅರ್ಧ ಗಂಟೆಯ ಸವಾರಿಯೊಳಗೆ ಮಣ್ಣಿನ ಬಣ್ಣ ಎರಡು-ಮೂರು ಸಲ ಬದಲಾಗಬಹುದು. ಕಪ್ಪಗಿನದು ಎರೆ, ಕೆಂಪಗಿನದು ಮಸಾರಿ, ರಸ್ತೆಗೆ ಹಾಸಲು ಗುಡ್ಡದಿಂದ ಅಗೆದು ತಂದ ಹರಳುಹರಳಾದದ್ದು ಗರಸು. ರೈತನಿಗೆ ಈ ವ್ಯತ್ಯಾಸ ಬಿತ್ತನೆಗೆ ಮುಖ್ಯ, ಬೈಕಿನವನಿಗೆ ಮೈಮೂಳೆಗೆ ಮುಖ್ಯ.

ಮೂರರಲ್ಲಿ ಕಠಿಣವಾದದ್ದು ಎರೆ. ಬ್ಯಾಡಗಿ ಮೆಣಸಿನಕಾಯಿಗೂ ಹತ್ತಿಗೂ ಪ್ರಿಯವಾದ ಈ ಮಣ್ಣಿನ ಜೇಡಿಯಲ್ಲಿ ಹಾಳೆಹಾಳೆಯಾಗಿರುವ ಖನಿಜವಿದೆ. ಹಾಳೆಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಕಾಲಿಟ್ಟರೆ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು. ಮಿರಗದ ಮಳೆ ಒಂದು ಸಲ ಬಿದ್ದರೆ ಅದೇ ದಾರಿ ಅಂಟಿನ ಹಾಗೆ. ಚಕ್ರ ಒಂದೊಂದು ಸುತ್ತು ಉರುಳಿದಾಗಲೂ ಒಂದೊಂದು ಪದರ ಮೆತ್ತಿಕೊಳ್ಳುತ್ತದೆ. ರಸ್ತೆ ಬೈಕುಗಳ ಮುಂದಿನ ಮಡ್‌ಗಾರ್ಡ್ ಟೈರಿಗೆ ತೀರ ಹತ್ತಿರ. ನೂರಿನ್ನೂರು ಮೀಟರಿನಲ್ಲಿ ಆ ಸಂದು ತುಂಬಿ, ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಮಣ್ಣಿನ ಬೈಕುಗಳಿಗೆ ಮಡ್‌ಗಾರ್ಡನ್ನು ಎತ್ತರದಲ್ಲಿ, ಹ್ಯಾಂಡಲಿನ ಕೆಳಗೆ ಕೂರಿಸುವುದು ಚಂದಕ್ಕಲ್ಲ, ಇದಕ್ಕೇ. ಹಸಿ ಎರೆಯಲ್ಲಿ ಭಾರದ ಬೈಕು ಓಡಿಸುವ ಕೌಶಲ ಯಾವುದೂ ಇಲ್ಲವೆಂದು ನೇರವಾಗಿ ಹೇಳುವುದೇ ಒಳ್ಳೆಯದು. ಗಾಡಿಯನ್ನು ಡಾಂಬರಿನ ಅಂಚಿಗೆ ನಿಲ್ಲಿಸಿ ನಡೆದು ಹೋಗಬೇಕು, ಇಲ್ಲವೇ ಬಿಸಿಲು ಬಿದ್ದು ಮೇಲ್ಪದರ ಆರುವವರೆಗೆ ಕಾಯಬೇಕು. ಸಿಕ್ಕಿಹಾಕಿಕೊಂಡವರಿಗೆ ಬೇಕಾಗುವುದು ಗಟ್ಟಿಯಾದ ಒಂದು ಕೋಲು, ಮಣ್ಣು ಕೆರೆಯುವುದಕ್ಕೆ. ಎಕ್ಸಲೇಟರ್ ತಿರುವಿದಷ್ಟೂ ಹಿಂದಿನ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಮಸಾರಿ ಸೌಮ್ಯ. ಮಳೆಯಾದ ಕೆಲ ಗಂಟೆಗಳಲ್ಲಿ ನೀರು ಬಸಿದು ನೆಲ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಮೇಲ್ಪದರ ಹಿಟ್ಟಿನಂತಾಗಿ ಧೂಳೇಳುತ್ತದೆ, ಅಷ್ಟೇ ತೊಂದರೆ. ಭಾರದ ಬೈಕಿನಲ್ಲಿ ಮಣ್ಣಿನ ಸವಾರಿ ಕಲಿಯುವವರು ರಾಶಿ ಮುಗಿದು ಬೋಳಾದ ಮಸಾರಿ ಹೊಲವನ್ನು, ಹೊಲದವರ ಒಪ್ಪಿಗೆ ಪಡೆದು, ಆರಿಸಿಕೊಳ್ಳುವುದು ಲೇಸು.

ಗರಸು ಮೋಸದ್ದು. ಕಣ್ಣಿಗೆ ಗಟ್ಟಿ ರಸ್ತೆಯಂತೆಯೇ ಕಾಣುತ್ತದೆ. ಗಟ್ಟಿ ತಳದ ಮೇಲೆ ಬಿಡಿ ಹರಳುಗಳು ಹರಡಿದಾಗ ಅವು ಗೋಲಿಗಳಂತೆ ಉರುಳುತ್ತವೆ. ಟೈರು ಹಿಡಿದದ್ದು ನೆಲವನ್ನಲ್ಲ, ಉರುಳುವ ಹರಳನ್ನು. ವಾಹನಗಳ ಚಕ್ರ ಓಡಾಡುವ ಎರಡು ಜಾಡುಗಳಲ್ಲಿ ಹರಳು ಪಕ್ಕಕ್ಕೆ ಸರಿದು ತಳ ಕಾಣುತ್ತಿರುತ್ತದೆ. ಸವಾರ ಹಿಡಿಯಬೇಕಾದ್ದು ಅದನ್ನೇ. ಒಂದು ಜಾಡಿನಿಂದ ಇನ್ನೊಂದಕ್ಕೆ ಹೋಗಲೇಬೇಕಾದರೆ ನಡುವಿನ ದಿಬ್ಬವನ್ನು ಸವರಿಕೊಂಡು ಓರೆಯಾಗಿ ಹೋಗದೆ, ವೇಗ ಇಳಿಸಿ ಆದಷ್ಟು ನೇರವಾಗಿ ದಾಟಬೇಕು.

ಗರಸು ರಸ್ತೆ ಹಳೆಯದಾದಂತೆ ಪತ್ರಾಸಿನ ಹಾಗೆ ಅಲೆಅಲೆಯಾಗುತ್ತದೆ. ಗಾಡಿಯ ಸ್ಪ್ರಿಂಗುಗಳು ಕುಣಿಯುವುದರಿಂದ ಹೀಗಾಗುತ್ತದೆಂದು ಬಹಳ ಜನ ಭಾವಿಸಿದ್ದರು. 2007ರಲ್ಲಿ ತಾಬರ್ಲೆ, ಮಾರಿಸ್, ಮೆಕ್‌ಎಲ್‌ವೇನ್ ಎಂಬ ಮೂವರು ವಿಜ್ಞಾನಿಗಳು ಮರಳಿನ ವೃತ್ತಾಕಾರದ ಹಾಸಿನ ಮೇಲೆ ಚಕ್ರ ಉರುಳಿಸಿ ನೋಡಿದರು. ಸ್ಪ್ರಿಂಗೇ ಇಲ್ಲದ ಚಕ್ರವೂ ಅಲೆ ಮೂಡಿಸಿತು. ಒಂದು ಮಿತಿಗಿಂತ ವೇಗ ಕಡಿಮೆಯಿದ್ದರೆ ಮಾತ್ರ ಹಾಸು ನುಣುಪಾಗಿ ಉಳಿಯಿತು. ನಿಜವಾದ ರಸ್ತೆಯ ಲೆಕ್ಕದಲ್ಲಿ ಆ ಮಿತಿ ಯಾರೂ ಓಡಿಸಲಾರದಷ್ಟು ಕಡಿಮೆ. ಬಿಡಿ ಹರಳು ಇರುವಲ್ಲಿ ಅಲೆ ತಪ್ಪದು ಎಂದಾಯಿತು. ರಸ್ತೆಯ ಅಂಚಿನಲ್ಲಿ ಅಲೆ ಕಡಿಮೆ ಇದ್ದರೆ ಅತ್ತ ಸರಿಯುವುದು, ಇಲ್ಲದಿದ್ದರೆ ಸೀಟಿನಿಂದ ತುಸು ಎದ್ದು ಮೊಣಕಾಲಿಗೆ ಆ ಕೆಲಸ ಒಪ್ಪಿಸುವುದು. ಸವಾರನಿಗಿರುವುದು ಈ ಎರಡೇ ದಾರಿ.

ಎದ್ದು ನಿಲ್ಲುವ ವಿಷಯಕ್ಕೆ ಬಂದರೆ, ಸ್ಪರ್ಧೆಯ ಸವಾರರು ಫುಟ್‌ರೆಸ್ಟಿನ ಮೇಲೆ ನಿಂತು ಹೋಗುವುದನ್ನು ನೋಡಿ ಅದು ಶೋಕಿ ಎಂದುಕೊಂಡವರಿದ್ದಾರೆ. ಕುಳಿತಾಗ ಸವಾರ ಮತ್ತು ಬೈಕು ಕಟ್ಟಿಹಾಕಿದ ಒಂದೇ ಗಂಟು. ಬೈಕು ಎಡಕ್ಕೆ ವಾಲಿದರೆ 70 ಕಿಲೋ ಮನುಷ್ಯನೂ ಎಡಕ್ಕೆ ವಾಲುತ್ತಾನೆ. ನಿಂತಾಗ ಮೊಣಕಾಲು, ಮೊಣಕೈ ನಡುವೆ ಸಡಿಲವಾಗಿರುತ್ತವೆ. ಬೈಕು ಕೆಳಗೆ ತನ್ನ ಪಾಡಿಗೆ ಅಲುಗುತ್ತದೆ, ಮೇಲಿನ ದೇಹ ನೇರವಾಗಿ ಸಾಗುತ್ತದೆ. ಕಾಲುಗಳನ್ನು ಮುಂದಕ್ಕೆ ಚಾಚಿ ಕೂರುವ ಕ್ರೂಸರ್ ಬೈಕುಗಳಲ್ಲಿ ಇದು ಕಷ್ಟ. ಕ್ಲಾಸಿಕ್, ಬುಲೆಟ್‌ಗಳಲ್ಲಿ ಫುಟ್‌ರೆಸ್ಟ್ ಹೆಚ್ಚುಕಡಿಮೆ ದೇಹದ ಕೆಳಗೇ ಇರುವುದರಿಂದ ಸಾಧ್ಯ. ನಿಂತಾಗ ಹ್ಯಾಂಡಲನ್ನು ಜೋತುಬೀಳುವ ಆಸರೆಯಾಗಿ ಮಾಡಿಕೊಳ್ಳಬಾರದು. ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿಕೊಂಡು, ಕೈ ಹಗುರ ಬಿಡಬೇಕು.

ಕೈ ಹಗುರ ಬಿಡುವುದು ಎಲ್ಲಕ್ಕಿಂತ ದೊಡ್ಡ ಪಾಠ; ಒಪ್ಪಿಕೊಳ್ಳಲು ಕಷ್ಟವಾದದ್ದೂ ಅದೇ. ಬೈಕಿನ ಮುಂದಿನ ಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲ್ ತಿರುಗುವ ಅಕ್ಷದ ಗೆರೆಗಿಂತ ಸ್ವಲ್ಪ ಹಿಂದೆ ಇರುತ್ತದೆ. ಹೀಗಾಗಿ ಕಲ್ಲು ತಾಗಿ ಅತ್ತ ಇತ್ತ ಹೊರಳಿದ ಚಕ್ರ ಓಟದ ದಿಕ್ಕಿಗೆ ತಾನಾಗಿಯೇ ಮರಳುತ್ತದೆ. ಗರಸಿನಲ್ಲಿ ಹ್ಯಾಂಡಲ್ ಸಣ್ಣಗೆ ತೂರಾಡುವುದು ಆ ಮರಳುವಿಕೆಯ ಲಕ್ಷಣ, ಅಪಾಯದ್ದಲ್ಲ. ಹೆದರಿದ ಸವಾರ ಮುಷ್ಟಿ ಬಿಗಿದು ಹಿಡಿದರೆ ಚಕ್ರ ಸರಿಹೋಗುವ ಹಾದಿ ಮುಚ್ಚಿತು. ಪಳಗಿದ ಎತ್ತಿನ ಹಗ್ಗವನ್ನು ಒಕ್ಕಲಿಗ ಹೇಗೆ ಹಿಡಿದಿರುತ್ತಾನೋ ಹಾಗೆ ಹಿಡಿಯಬೇಕು: ಕೈಯಲ್ಲಿ ಹಗ್ಗವಿದೆ, ಎಳೆತವಿಲ್ಲ. ಭಾರದ ಬೈಕು ಇಲ್ಲಿ ಉಪಕಾರಿ. 195 ಕಿಲೋ ಮುನ್ನುಗ್ಗುವಾಗ ಸಣ್ಣಪುಟ್ಟ ಹರಳು ಅದರ ದಾರಿ ತಪ್ಪಿಸಲಾರವು. ಕ್ಲಾಸಿಕ್‌ನ ಎಂಜಿನ್ 4,000 ಸುತ್ತಿನಲ್ಲೇ ತನ್ನ ಪೂರ್ತಿ 27 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಎರಡನೇ ಗೇರಿನಲ್ಲಿ, ಎಕ್ಸಲೇಟರನ್ನು ಒಂದೇ ಸಮ ಹಿಡಿದರೆ ಹಿಂದಿನ ಚಕ್ರ ಗಕ್ಕನೆ ತಿರುಗದೆ ನೆಲ ಹಿಡಿದು ನೂಕುತ್ತದೆ. ಸಡಿಲ ಜಾಗ ಕಂಡೊಡನೆ ಎಕ್ಸಲೇಟರ್ ಪೂರ್ತಿ ಬಿಟ್ಟುಬಿಡುವುದು ತಪ್ಪು. ಭಾರವೆಲ್ಲ ಮುಂದಕ್ಕೆ ಬಂದು ಮುಂದಿನ ಚಕ್ರ ನೆಲದಲ್ಲಿ ಹೂತುಹೋಗುತ್ತದೆ.

ಯೂರಿಯಾ ಚೀಲ ಹೇರುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 45 ಕಿಲೋ ಚೀಲವನ್ನು ಸೀಟಿನ ತೀರ ಹಿಂದಕ್ಕೆ ಕಟ್ಟಿದರೆ ಮುಂದಿನ ಚಕ್ರ ಹಗುರವಾಗಿ, ತಿರುವಿನಲ್ಲಿ ತೇಲುತ್ತದೆ. ಸವಾರನ ಬೆನ್ನಿಗೆ ಅಂಟಿಸಿ ಕಟ್ಟುವುದು ವಾಸಿ.

ಬ್ರೇಕಿನಲ್ಲಿ ಡಾಂಬರಿನ ಅಭ್ಯಾಸ ತಿರುಗುಮುರುಗಾಗುತ್ತದೆ. ಡಾಂಬರಿನಲ್ಲಿ ಮುಂದಿನ ಬ್ರೇಕೇ ಮುಖ್ಯ. ಗರಸಿನಲ್ಲಿ ಹಿಂದಿನದು ಮೊದಲು. ಹಿಂದಿನ ಚಕ್ರ ಜಾರಿದರೆ ಬಾಲ ಆಡಿಸಿದಂತೆ ಆಡುತ್ತದೆ, ಬ್ರೇಕ್ ಬಿಟ್ಟರೆ ಸರಿಹೋಗುತ್ತದೆ. ಮುಂದಿನದು ಜಾರಿದರೆ ಯೋಚಿಸಲೂ ಹೊತ್ತಿಲ್ಲ. ಮುಂದಿನ ಬ್ರೇಕ್ ಬೇಡವೆಂದಲ್ಲ; ಬೈಕು ನೇರವಾಗಿ ನಿಂತಿರುವಾಗ, ಎರಡು ಬೆರಳಲ್ಲಿ, ಹಿಂಡಿದಂತೆ ಹಿಡಿಯಬೇಕು. ತಿರುವಿನೊಳಗೆ ಕೂಡದು. ಎಬಿಎಸ್ ಬಗ್ಗೆ ಒಂದು ತಿಳಿವಳಿಕೆ ಬೇಕು. 125 ಸಿಸಿ ಮೀರಿದ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಎಲ್ಲ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಡಾಂಬರಿನಲ್ಲಿ ಅದು ಜೀವ ಉಳಿಸುತ್ತದೆ. ಸಡಿಲ ಗರಸಿನಲ್ಲಿ ಲಾಕಾದ ಚಕ್ರ ತನ್ನ ಮುಂದೆ ಹರಳಿನ ಗುಪ್ಪೆ ನೂಕಿಕೊಂಡು ನಿಲ್ಲುತ್ತದೆ. ಎಬಿಎಸ್ ಚಕ್ರವನ್ನು ಲಾಕಾಗಲು ಬಿಡದ ಕಾರಣ ಗುಪ್ಪೆ ಕಟ್ಟುವುದಿಲ್ಲ, ನಿಲ್ಲುವ ದೂರ ಹೆಚ್ಚುತ್ತದೆ. ಹಿಮಾಲಯನ್‌ನ ಬಿಎಸ್-6 ಮಾದರಿಯಲ್ಲಿ ಹಿಂದಿನ ಚಕ್ರದ ಎಬಿಎಸ್ ಬಂದ್ ಮಾಡುವ ಗುಂಡಿ ಕೊಟ್ಟದ್ದು ಇದರಿಂದಲೇ. ಆ ಗುಂಡಿ ಇಲ್ಲದ ಬೈಕಿನವರು ಮೊದಲೇ ನಿಧಾನಿಸಬೇಕು.

ಈ ವಿದ್ಯೆಯಲ್ಲಿ ಕನ್ನಡ ನಾಡಿನವರು ಜಗತ್ತಿನ ಮುಂದೆ ನಿಂತಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ, 36ನೇ ಸ್ಥಾನ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ್‍ಯಾಲಿಯನ್ನು 37ನೆಯವರಾಗಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಅದೇ ಡಕಾರ್ ಸ್ಪರ್ಧೆಯಲ್ಲಿ ಬಿದ್ದು ಸಂತೋಷ್ ತಲೆಗೆ ತೀವ್ರ ಪೆಟ್ಟು ಮಾಡಿಕೊಂಡರು. ಎಲ್ಲ ರಕ್ಷಾಕವಚ ಧರಿಸಿದ, ನಾಡಿನ ಅತ್ಯಂತ ಅನುಭವಿ ಸವಾರನಿಗೂ ಮಣ್ಣು ಹೀಗೆ ಮಾಡಬಲ್ಲದು. ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಹೊಲಕ್ಕೆ ಹೊರಟವರು ಇದನ್ನು ಒಂದು ಗಳಿಗೆ ನೆನೆಯಲಿ. ಕೋಲಾರದ ಬಳಿ ಸಂತೋಷ್ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್ ಮಣ್ಣಿನ ಸವಾರಿ ಕಲಿಸುವ ಜಾಗ. ಹಾವೇರಿಯಿಂದ ಅಲ್ಲಿಗೆ ಸುಮಾರು 400 ಕಿಲೋಮೀಟರ್. ಇಂಥ ಪಾಠ ಬೇಕಾದವರು ದಿನವೂ ಗರಸಿನ ಮೇಲೆ ಓಡಾಡುವ ಈ ಕಡೆಯ ಹುಡುಗರು. ಜಿಲ್ಲೆಗೊಂದು ಮೈದಾನ, ತಿಂಗಳಿಗೊಂದು ದಿನದ ತರಬೇತಿ ದೊಡ್ಡ ಖರ್ಚಿನ ಮಾತಲ್ಲ.

ಈ ಸೀಮೆಗೇ ವಿಶೇಷವಾದ ಕೆಲವು ಅಪಾಯಗಳಿವೆ. ಸುಗ್ಗಿಯಲ್ಲಿ ಗೋವಿನಜೋಳದ ಒಕ್ಕಣೆ ರಸ್ತೆಯ ಮೇಲೆಯೇ ನಡೆಯುತ್ತದೆ. ಕಾಳು ಗೋಲಿಯಂತೆ, ರವದಿ ಎಣ್ಣೆಯಂತೆ. ರಾಶಿಯ ಅಂಚಿಗೆ ಇಟ್ಟ ಕಲ್ಲುಗಳನ್ನು ತೆಗೆಯದೆ ಬಿಟ್ಟಿರುವುದೂ ಉಂಟು. ಅದರ ಮೇಲೆ ಬ್ರೇಕನ್ನೂ ಹ್ಯಾಂಡಲನ್ನೂ ಮುಟ್ಟದೆ ನೇರ ಸಾಗಬೇಕು. ಬ್ಯಾಡಗಿ ಮಾರುಕಟ್ಟೆಗೆ ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಬರುವ ಫೆಬ್ರುವರಿ-ಮಾರ್ಚ್‌ನ ದಿನಗಳಲ್ಲಿ ಲಾರಿ, ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು ಬೈಕಿನವರು ಡಾಂಬರಿನಿಂದ ಇಳಿಯಬೇಕಾಗುತ್ತದೆ. ಡಾಂಬರಿನ ಅಂಚು ನೆಲಕ್ಕಿಂತ ಎತ್ತರವಿದ್ದಲ್ಲಿ ಮತ್ತೆ ಹತ್ತುವಾಗ ಅಂಚಿಗೆ ಸಮಾನಾಂತರವಾಗಿ ಸವರಿದರೆ ಮುಂದಿನ ಚಕ್ರ ಹತ್ತದು, ಬೈಕು ಮಗುಚುತ್ತದೆ. ದೂರದಿಂದಲೇ ಓರೆ ಹೆಚ್ಚಿಸಿಕೊಂಡು ಹತ್ತಬೇಕು.

ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್ ವಿಸ್ತಾರ. ನೀಲಗಿರಿ ನೆಡುತೋಪುಗಳ ನಡುವಿನ ಅಲ್ಲಿಯ ಮಣ್ಣಿನ ದಾರಿಗಳು ಬೈಕಿನವರನ್ನು ಕರೆಯುವಂತಿವೆ. ಅವು ಚಿಗರಿಗಳಿಗೆ ಸೇರಿದ ದಾರಿಗಳು, ಅನುಮತಿಯಿಲ್ಲದೆ ಗಾಡಿ ಇಳಿಸುವಂತಿಲ್ಲ. ಹೊರಗಿನ ಹಳ್ಳಿ ರಸ್ತೆಗಳಲ್ಲೂ ಮುಸ್ಸಂಜೆ ಒಂದು ಚಿಗರಿ ದಾಟಿತೆಂದರೆ ಹಿಂದೆ ಹಿಂಡಿದೆ ಎಂದೇ ತಿಳಿಯಬೇಕು.

ತೂಕ ನಿಜವಾಗಿ ಕಾಡುವುದು ಬೈಕು ನಿಂತಾಗ. ಇಕ್ಕಟ್ಟಾದ ಚಕ್ಕಡಿ ದಾರಿಯಲ್ಲಿ ತಿರುಗಿಸುವಾಗ ಹರಳಿನ ಮೇಲೆ ಕಾಲು ಜಾರಿತು, ಗಾಡಿ ಒಂದು ಹದ ಮೀರಿ ವಾಲಿತು. ಆಮೇಲೆ ತೊಡೆಯ ಬಲದಿಂದ ಅದನ್ನು ತಡೆಯಲು ಹೋಗಬಾರದು, ಬಿಟ್ಟು ಪಕ್ಕಕ್ಕೆ ಸರಿಯಬೇಕು. ಎತ್ತುವ ಕ್ರಮ ಬೇರೆ ಇದೆ. ಮೊದಲು ಕೀಲಿ ಬಂದ್ ಮಾಡಿ, ಉರುಳದಂತೆ ಗೇರಿನಲ್ಲಿಡಬೇಕು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಡಿಸಿಡಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆಗೆ ಬೀಳುತ್ತದೆ. ಬೈಕಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಆನಿಸಿ ಕುಕ್ಕರಗಾಲಿನಲ್ಲಿ ಕೂರಬೇಕು. ಒಂದು ಕೈ ಹ್ಯಾಂಡಲಿನ ತುದಿಗೆ, ಇನ್ನೊಂದು ಹಿಂದಿನ ಗಟ್ಟಿ ಕಂಬಿಗೆ. ಬೆನ್ನು ನೆಟ್ಟಗಿಟ್ಟು, ಕಾಲಿನಿಂದ ನೆಲವನ್ನು ಒತ್ತುತ್ತ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡಬೇಕು. ಎದ್ದು ನಿಂತ ಗಾಡಿ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕುಗಳಲ್ಲಿ ಗಾಡಿ ಮಲಗಿದೊಡನೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಕೀಲಿಯನ್ನು ಒಮ್ಮೆ ಪೂರ್ತಿ ಬಂದ್ ಮಾಡಿ ಮತ್ತೆ ತಿರುವಿದರೆ ಅದು ಬಿಟ್ಟುಕೊಡುತ್ತದೆ. ಹೊರಡುವ ಮುನ್ನ ಬ್ರೇಕ್ ಲಿವರ್ ಬಗ್ಗಿದೆಯೇ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ ಎಂದು ನೋಡಿಕೊಂಡು, ಮೊದಲ ನೂರು ಮೀಟರ್ ನಡಿಗೆಯ ವೇಗದಲ್ಲಿ ಹೋಗಬೇಕು.